300 ಚದರಡಿ, 100 ವರ್ಷ

ಬೆಂಗಳೂರಲ್ಲಿ ಸ್ಟುಡಿಯೋ ಅಪಾರ್ಟ್‌ಮೆಂಟ್ ಹಿಡಿದವರು ಮೊದಲ ವಾರವೇ ಎರಡು ವಿಷಯಕ್ಕೆ ತಲೆ ಕೆಡಿಸಿಕೊಳ್ತಾರೆ. ಯಾವ ಬಣ್ಣ ಬಳಿದರೆ ಮನೆ ಬೆಚ್ಚಗೆ ಕಾಣುತ್ತೆ? ಇರೋ ಸಾಮಾನನ್ನೆಲ್ಲ ಎಲ್ಲಿ ತುರುಕೋದು? ಹೆಚ್ಚುಕಡಿಮೆ ನೂರು ವರ್ಷದ ಹಿಂದೆ ಜರ್ಮನಿಯಲ್ಲಿ ಇಬ್ಬರು ವಾಸ್ತುಶಿಲ್ಪಿಗಳು ಇವೇ ಪ್ರಶ್ನೆ ಇಟ್ಟುಕೊಂಡು ಕೂತಿದ್ದರು. ಅವರು ಮನೆ ಕಟ್ಟುತ್ತಿದ್ದದ್ದು ಕಾರ್ಮಿಕರಿಗೆ, ಸಣ್ಣ ಸಂಬಳದ ನೌಕರರಿಗೆ.

ಮೊದಲು ಬಣ್ಣದ ಕಥೆ. ಬ್ರೂನೋ ಟೌಟ್ 1913ರಿಂದ 1916ರವರೆಗೆ ಬರ್ಲಿನ್ನಿನ ಅಂಚಿನಲ್ಲಿ ಫಾಲ್ಕನ್‌ಬರ್ಗ್ ಅನ್ನೋ ಬಡಾವಣೆ ಕಟ್ಟಿದ. ಸಿರಿವಂತರ ಮನೆಗಳಿಗಿದ್ದ ಕೆತ್ತನೆ, ಗಾರೆಯ ಅಲಂಕಾರಕ್ಕೆಲ್ಲ ಇಲ್ಲಿ ದುಡ್ಡಿರಲಿಲ್ಲ. ಆದರೆ ಬಣ್ಣ ಅಗ್ಗ. ಕೆಂಪು, ಹಳದಿ, ನೀಲಿ ಅಂತ ಮನೆಗೊಂದು ಬಣ್ಣ ಬಳಿಸಿಬಿಟ್ಟ. ಜನ ಆ ಬಡಾವಣೆಗೆ ‘ಬಣ್ಣದ ಡಬ್ಬಿ’ ಅಂತ ಅಡ್ಡಹೆಸರಿಟ್ಟರು. 2008ರಲ್ಲಿ ಬರ್ಲಿನ್ನಿನ ಇನ್ನೂ ಐದು ಬಡಾವಣೆಗಳ ಜೊತೆ ಅದು ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಗೆ ಸೇರಿತು.

ಸಾಮಾನು ಇಡೋ ಕಥೆ ಫ್ರಾಂಕ್‌ಫರ್ಟ್‌ನದು. ಮೊದಲ ಮಹಾಯುದ್ಧ ಮುಗಿದ ಮೇಲೆ ಅಲ್ಲಿ ಮನೆಗಳಿಗೆ ಬರ. ನಗರದ ಕಟ್ಟಡ ಯೋಜನೆಯ ಮುಖ್ಯಸ್ಥ ಅರ್ನ್ಸ್ಟ್ ಮೇ, ಸಾವಿರಾರು ಮನೆಗಳಿಗೆ ಒಪ್ಪುವ ಅಡುಗೆಮನೆಯ ಕೆಲಸವನ್ನು 1926ರಲ್ಲಿ ಮಾರ್ಗರೆಟ್ ಶ್ಯುಟ್ಟೆ-ಲಿಹೋಟ್ಸ್ಕಿ ಎಂಬಾಕೆಗೆ ಒಪ್ಪಿಸಿದ. ಆಕೆ ತೆಗೆದುಕೊಂಡ ಮಾದರಿ ರೈಲಿನ ಊಟದ ಬೋಗಿಯ ಅಡುಗೆಕೋಣೆ. ಅಗಲ 1.9 ಮೀಟರ್, ಉದ್ದ 3.4 ಮೀಟರ್, ಸುಮಾರು 70 ಚದರಡಿ, ಅಷ್ಟೇ. ಯಾವ ಕೆಲಸಕ್ಕೆ ಎಷ್ಟು ಹೆಜ್ಜೆ, ಎಷ್ಟು ಹೊತ್ತು ಅಂತ ಲೆಕ್ಕ ಹಾಕಿ ಒಂದೊಂದು ವಸ್ತುವಿಗೂ ಜಾಗ ಗೊತ್ತುಮಾಡಿದರು. ಇಸ್ತ್ರಿ ಹಲಗೆ ಗೋಡೆಗೆ ಮಡಚಿಕೊಳ್ಳುತ್ತಿತ್ತು. ಅಕ್ಕಿ, ಸಕ್ಕರೆಗೆ ಹೆಸರು ಬರೆದ ಅಲ್ಯೂಮಿನಿಯಂ ಖಾನೆಗಳು. ಹಿಟ್ಟಿಗೆ ಮಾತ್ರ ಓಕ್ ಮರದ್ದು, ಹುಳು ಬೀಳಬಾರದು ಅಂತ. ಬಾಗಿಲುಗಳ ಬಣ್ಣ ನೀಲಿ-ಹಸಿರು. ಯಾಕೆ ಗೊತ್ತಾ? ಆ ಬಣ್ಣದ ಮೇಲೆ ನೊಣ ಕೂರಲ್ಲ ಅಂತ ಆಗಿನವರು ನಂಬಿದ್ದರು.

ಇಂಥ ಸುಮಾರು 10,000 ಅಡುಗೆಮನೆಗಳು ತಯಾರಾದವು. ಇವತ್ತು ನಾವು ‘ಮಾಡ್ಯುಲರ್ ಕಿಚನ್’ ಅಂತ ಲಕ್ಷಗಟ್ಟಲೆ ಸುರಿಯೋದರ ಮೂಲ ಇದೇ. ವ್ಯತ್ಯಾಸ ಏನಂದ್ರೆ, ಅಲ್ಲಿ ಅದು ಮನೆಯ ಜೊತೆಗೇ ಬರುತ್ತಿತ್ತು.

ಆದರೆ ಒಂದು ಎಡವಟ್ಟೂ ಆಯ್ತು. ಅಲ್ಲಿ ಇಬ್ಬರು ನಿಂತು ಕೆಲಸ ಮಾಡೋಕೆ ಜಾಗವೇ ಇರಲಿಲ್ಲ. ಹೆಂಗಸಿನ ಶ್ರಮ ಕಡಿಮೆ ಮಾಡೋಕೆ ಹುಟ್ಟಿದ ಕೋಣೆ ಅವಳನ್ನ ಒಂಟಿಯಾಗಿ ಒಳಗೆ ನಿಲ್ಲಿಸಿತು. ಅಡುಗೆ ಒಬ್ಬಳದೇ ಕೆಲಸ ಅನ್ನೋದನ್ನ ಆ ಅಳತೆಯೇ ತೀರ್ಮಾನ ಮಾಡಿದಂತಾಯ್ತು ಅಂತ ಮುಂದೆ ಸ್ತ್ರೀವಾದಿಗಳು ಟೀಕಿಸಿದರು. ತಮಾಷೆ ಅಂದ್ರೆ, ಅದನ್ನ ರೂಪಿಸೋ ಮುಂಚೆ ತಾನು ಅಡುಗೆಯನ್ನೇ ಮಾಡಿರಲಿಲ್ಲ ಅಂತ ಲಿಹೋಟ್ಸ್ಕಿ ಆಮೇಲೆ ಹೇಳಿಕೊಂಡರು. ಅವರ ಬದುಕು ಮಾತ್ರ ಅಡುಗೆಮನೆಗಿಂತ ದೊಡ್ಡದು. ನಾಜಿಗಳ ವಿರುದ್ಧ ಗುಪ್ತವಾಗಿ ದುಡಿದು 1941ರಲ್ಲಿ ಸಿಕ್ಕಿಬಿದ್ದರು, 1945ರವರೆಗೆ ಸೆರೆಯಲ್ಲಿದ್ದರು. 2000ದಲ್ಲಿ ತೀರಿಕೊಂಡಾಗ ಅವರಿಗೆ 102 ವರ್ಷ.

ನಮ್ಮ ಹಳ್ಳಿ ಕಡೆ ಹಳೇ ಮನೆಗಳನ್ನ ನೆನಪಿಸಿಕೊಳ್ಳಿ. ದೀಪ, ಎಣ್ಣೆ ಶೀಸೆಗೆ ಗೋಡೆಯಲ್ಲೇ ಗೂಡು. ದಿನಾ ಬೇಡದ ಸಾಮಾನಿಗೆ ತಲೆ ಮೇಲೆ ಅಟ್ಟ. ಬಟ್ಟೆಗೆ ತೂಗುಹಾಕಿದ ಗಳ. ಹಾಲು-ಮೊಸರು ಬೆಕ್ಕಿಗೆ ಸಿಗದ ಹಾಗೆ ನೆಲವು. ಎಲ್ಲವೂ ಗೋಡೆಗೆ ಇಲ್ಲಾ ಸೂರಿಗೆ. ನೆಲ ಮಾತ್ರ ಖಾಲಿ. ಯಾಕಂದ್ರೆ ಊಟಕ್ಕೆ ಎಲೆ ಹಾಕೋದೂ ಅಲ್ಲೇ, ರಾತ್ರಿ ಚಾಪೆ ಬಿಚ್ಚೋದೂ ಅಲ್ಲೇ. ಬಣ್ಣಕ್ಕೆ ಹತ್ತಿರದಲ್ಲೇ ಸಿಗೋ ಕೆಮ್ಮಣ್ಣು, ಸುಣ್ಣ. ಇದನ್ನ ಯಾರೂ ಸ್ಟುಡಿಯೋ ಅಂತ ಕರೀಲಿಲ್ಲ, ಅಷ್ಟೇ.

ಹಾಗಾಗಿ ಸಣ್ಣ ಮನೆ ಅಂದ್ರೆ ದೊಡ್ಡ ಮನೆ ಕೊಳ್ಳೋಕಾಗದವರ ಸಮಾಧಾನ ಅಂತ ಮುದುಡಿಕೊಳ್ಳಬೇಕಿಲ್ಲ. ಒಂದು ಗೋಡೆಗೆ ಕೆಮ್ಮಣ್ಣಿನ ಬಣ್ಣ ಬಳೀರಿ. ಆನ್‌ಲೈನಲ್ಲಿ ಡಬ್ಬ, ರ‍್ಯಾಕು ಆರ್ಡರ್ ಮಾಡೋ ಮುಂಚೆ ಒಂದು ದಿನ ಪೂರ್ತಿ ನಿಮ್ಮ ಕೈ ಯಾವುದಕ್ಕೆ, ಎಷ್ಟು ಸಲ ಚಾಚುತ್ತೆ ಅಂತ ನೋಡಿ. ಅದನ್ನ ಎದೆಮಟ್ಟದಲ್ಲಿಡಿ, ಉಳಿದದ್ದು ಅಟ್ಟಕ್ಕೆ. ಹಾಗೇ ಒಲೆಯ ಮುಂದೆ ಇಬ್ಬರು ನಿಲ್ಲೋಕಾಗುತ್ತಾ ಅಂತಲೂ ಅಳೆದು ನೋಡಿ. ಫ್ರಾಂಕ್‌ಫರ್ಟ್‌ನಲ್ಲಿ ಬಿಟ್ಟುಹೋದ ಅಳತೆ ಅದೊಂದೇ.