ಪ್ರಷ್ಯಾದ ನಿಷೇಧ ಮತ್ತು ಶಿಶುವಿಹಾರದ ಪ್ರಸಾರ

ಜರ್ಮನಿಯ ಶಿಕ್ಷಣತಜ್ಞ ಫ್ರೀಡ್ರಿಕ್ ಫ್ರೋಬೆಲ್ 1837ರಲ್ಲಿ ಬ್ಲಾಂಕೆನ್‌ಬುರ್ಗ್‌ನಲ್ಲಿ ತೆರೆದ ಶಿಶುಸಂಸ್ಥೆಗೆ 1840ರಲ್ಲಿ ‘ಕಿಂಡರ್‌ಗಾರ್ಟನ್’, ಎಂದರೆ ಮಕ್ಕಳ ತೋಟ, ಎಂಬ ಹೆಸರನ್ನಿತ್ತನು. 1851ರಲ್ಲಿ ಪ್ರಷ್ಯಾ ಸರ್ಕಾರವು ಇಂತಹ ಶಾಲೆಗಳು ನಾಸ್ತಿಕತೆಯನ್ನು ಬಿತ್ತುತ್ತವೆಂದು ಆರೋಪಿಸಿ ನಿಷೇಧಿಸಿತು. ಆಕ್ಷೇಪಕ್ಕೆ ಗುರಿಯಾಗಿದ್ದುದು ಅವನ ಸೋದರನ ಮಗ ಕಾರ್ಲ್‌ನ ಬರಹ. ಸರ್ಕಾರ ಇಬ್ಬರ ವಿಚಾರಗಳನ್ನೂ ಒಂದೇ ಎಂದು ಬಗೆದಿತ್ತು. ಫ್ರೋಬೆಲ್ ಮರುವರ್ಷವೇ ತೀರಿಕೊಂಡನು.

ನಿಷೇಧವೇ ಈ ಪದ್ಧತಿಯನ್ನು ಹೊರದೇಶಗಳಿಗೆ ಅಟ್ಟಿತೆಂಬ ಮಾತು ಪೂರ್ತಿ ನಿಲ್ಲದು. ಲಂಡನ್ನಿನಲ್ಲಿ ಶಾಲೆ ನಡೆಸಿದ ಬೆರ್ಟಾ ರೋಂಗೆ, 1856ರಲ್ಲಿ ಅಮೆರಿಕದ ವಾಟರ್‌ಟೌನ್‌ನಲ್ಲಿ ಶಾಲೆ ತೆರೆದ ಮಾರ್ಗರೆಟೆ ಶುರ್ಟ್ಸ್ ಹ್ಯಾಂಬರ್ಗಿನ ಅಕ್ಕತಂಗಿಯರು. ಆ ಸ್ವತಂತ್ರ ನಗರಕ್ಕೆ ಪ್ರಷ್ಯಾದ ಆಜ್ಞೆ ಅನ್ವಯಿಸುತ್ತಲೇ ಇರಲಿಲ್ಲ. ಅವರನ್ನು ಹೊರಗೊಯ್ದುದು 1848ರ ಕ್ರಾಂತಿಯ ಸೋಲು: ಇಬ್ಬರ ಪತಿಯಂದಿರೂ ದೇಶಭ್ರಷ್ಟರು. ವಾಟರ್‌ಟೌನ್ ಶಾಲೆಯ ಭಾಷೆಯೂ ಜರ್ಮನ್ನೇ. ಇಂಗ್ಲಿಷ್ ಮಾಧ್ಯಮದ ಶಿಶುವಿಹಾರವನ್ನು ಎಲಿಜಬೆತ್ ಪೀಬಾಡಿ ಬಾಸ್ಟನ್ನಿನಲ್ಲಿ ತೆರೆದುದು 1860ರಲ್ಲಿ. ಪ್ರಷ್ಯಾ ನಿಷೇಧವನ್ನು ಹಿಂತೆಗೆದುಕೊಂಡುದೂ ಅದೇ ವರ್ಷ.