ಕಣಗಿಲೆ: ಕಣ್ಣಿಗೆ ಚೆಂದ, ಹೊಟ್ಟೆಗೆ ವಿಷ

ಬಿರುಬೇಸಿಗೆಯಲ್ಲಿ ಉಳಿದ ಗಿಡಗಳು ಬಾಡಿ ನಿಂತಾಗಲೂ ಗೊಂಚಲು ಗೊಂಚಲಾಗಿ ಹೂ ಬಿಡುವ ಪೊದೆ ಕಣಗಿಲೆ. ಸಂಸ್ಕೃತದಲ್ಲಿ ಕರವೀರ ಎನಿಸಿಕೊಂಡಿರುವ ಇದು ಮನೆಯಂಗಳ, ದೇವಾಲಯದ ಆವರಣಗಳಿಂದ ಹೆದ್ದಾರಿಯ ವಿಭಜಕಗಳವರೆಗೆ ಎಲ್ಲೆಡೆ ಕಾಣಸಿಗುತ್ತದೆ. ಆದರೆ ಇದರ ಬೇರು, ತೊಗಟೆ, ಎಲೆ, ಹೂವು, ಬೀಜ ಎಲ್ಲವೂ ವಿಷಕಾರಿ.

2024ರಲ್ಲಿ ಕೇರಳದಲ್ಲಿ ಈ ಗಿಡದ ಎಲೆ ಜಗಿದಿದ್ದರೆನ್ನಲಾದ ಯುವತಿಯೊಬ್ಬರು ಮೃತಪಟ್ಟರು. ಇದರ ಬೆನ್ನಲ್ಲೇ, ಅದೇ ವರ್ಷದ ಮೇ ತಿಂಗಳಲ್ಲಿ ತಿರುವಾಂಕೂರು ದೇವಸ್ವಂ ಮಂಡಳಿಯು ನೈವೇದ್ಯ ಹಾಗೂ ಪ್ರಸಾದದಲ್ಲಿ ಕಣಗಿಲೆ ಹೂವಿನ ಬಳಕೆಯನ್ನು ಕೈಬಿಟ್ಟಿತು. ಅಲ್ಲಿ ಇದಕ್ಕೆ 'ಅರಳಿ' ಎಂದು ಹೆಸರು.

ಗಿಡದ ಪರಿಚಯ

ಸಸ್ಯಶಾಸ್ತ್ರದಲ್ಲಿ ಇದರ ಹೆಸರು ನೀರಿಯಂ ಒಲಿಯಾಂಡರ್. ದೇವಕಣಗಿಲೆ, ನಿತ್ಯಪುಷ್ಪಗಳಂತೆ ಅಪೋಸೈನೇಸಿ ಕುಟುಂಬಕ್ಕೆ ಸೇರಿದೆ. ಸಾಮಾನ್ಯವಾಗಿ 2ರಿಂದ 4 ಮೀಟರ್ ಎತ್ತರ ಬೆಳೆಯುತ್ತದೆ. ನೀಳವಾದ, ದಪ್ಪನೆಯ ಎಲೆಗಳು ಹೆಚ್ಚಾಗಿ ಮೂರು ಮೂರರ ಗುಂಪಿನಲ್ಲಿರುತ್ತವೆ. ಬಿಳಿ, ಗುಲಾಬಿ, ಕೆಂಪು ಬಣ್ಣದ, ಒಂಟಿ ಮತ್ತು ಜೋಡಿ ಎಸಳಿನ ತಳಿಗಳಿವೆ. ಗಂಟೆಯಾಕಾರದ ಹಳದಿ ಹೂವಿನ ಕಾಡುಕಣಗಿಲೆ ಬೇರೆಯೇ ಸಸ್ಯ; ಅಮೆರಿಕ ಖಂಡದ ಮೂಲದ್ದು. ಅದೂ ಅಷ್ಟೇ ಅಪಾಯಕಾರಿ.

ಬೆಳೆಸುವ ಕ್ರಮ

ದಿನವಿಡೀ ಬಿಸಿಲು ಬೀಳುವ, ನೀರು ನಿಲ್ಲದ ಜಾಗ ಸೂಕ್ತ. ನೆರಳಿನಲ್ಲಿ ಹೂ ಕಡಿಮೆ. ಅರೆಬಲಿತ ಕೊಂಬೆಯಿಂದ 15ರಿಂದ 20 ಸೆಂಟಿಮೀಟರ್ ಉದ್ದದ ತುಂಡು ಕತ್ತರಿಸಿ, ಕೆಳಗಿನ ಎಲೆಗಳನ್ನು ತೆಗೆದು, ಮರಳುಮಿಶ್ರಿತ ಮಣ್ಣಿನಲ್ಲಿ ನೆಟ್ಟರೆ ಬೇರೂರುತ್ತದೆ. ಒಮ್ಮೆ ನೆಲೆಗೊಂಡ ಗಿಡ ಬರವನ್ನು ತಾಳಿಕೊಳ್ಳುತ್ತದೆ. ಹೊಸ ಚಿಗುರಿನಲ್ಲಿ ಹೂ ಮೂಡುವುದರಿಂದ ಹೂವಿನ ಭರಾಟೆ ಮುಗಿದ ಮೇಲೆ ಸವರುವುದು ಒಳ್ಳೆಯದು. ಚಿಗುರಿಗೆ ಮುತ್ತುವ ಹಳದಿ ಹೇನುಗಳನ್ನು ನೀರಿನ ರಭಸದಿಂದ ತೊಳೆಯಬಹುದು.

ವಿಷದ ಪರಿಣಾಮ

ಗಿಡದಲ್ಲಿರುವ ಒಲಿಯಾಂಡ್ರಿನ್ ಮೊದಲಾದ ಗ್ಲೈಕೋಸೈಡ್‌ಗಳು ಹೃದಯದ ಬಡಿತವನ್ನೇ ಏರುಪೇರು ಮಾಡುತ್ತವೆ. ವಾಂತಿ, ಹೊಟ್ಟೆನೋವು, ತಲೆಸುತ್ತು, ನಾಡಿಮಿಡಿತದ ಇಳಿಕೆ ಮುಖ್ಯ ಲಕ್ಷಣಗಳು. ಒಣಗಿದರೂ ವಿಷ ಇಳಿಯುವುದಿಲ್ಲ. ಹಸಿ ಎಲೆಯ ಕಹಿಗೆ ದೂರ ಸರಿಯುವ ಜಾನುವಾರುಗಳು ಮೇವಿನಲ್ಲಿ ಬೆರೆತ ಒಣ ಎಲೆ ತಿಂದು ಸಾಯುವುದುಂಟು.

ವಹಿಸಬೇಕಾದ ಎಚ್ಚರ

* ಮಕ್ಕಳ ಆಟದ ಜಾಗ, ಕೊಟ್ಟಿಗೆ ಮತ್ತು ಬಾವಿಯ ಬಳಿ ನೆಡಬಾರದು.
* ಸವರುವಾಗ ಕೈಗವಸು ಧರಿಸಬೇಕು. ರಸ ಕಣ್ಣಿಗೆ ತಾಗಬಾರದು. ಬಳಿಕ ಕೈ, ಕತ್ತರಿ ತೊಳೆಯಬೇಕು.
* ಕಡಿದ ಕೊಂಬೆಗಳನ್ನು ಸುಡಬಾರದು, ಹೊಗೆಯೂ ವಿಷಕಾರಿ. ಮೇವಿನೊಡನೆ ಸೇರದಂತೆ ಹೂಳುವುದು ಕ್ಷೇಮ.
* ಪೂಜೆಗೆ ಬಳಸಿದ ಹೂವು ತೀರ್ಥ, ಪ್ರಸಾದಗಳಲ್ಲಿ ಬೀಳದಂತೆ ನೋಡಿಕೊಳ್ಳಬೇಕು.

ಯಾರಾದರೂ ಎಲೆ ಅಥವಾ ಹೂವನ್ನು ನುಂಗಿದ್ದರೆ ಲಕ್ಷಣಗಳಿಗಾಗಿ ಕಾಯದೆ, ಬಲವಂತವಾಗಿ ವಾಂತಿ ಮಾಡಿಸದೆ, ಗಿಡದ ತುಣುಕಿನೊಂದಿಗೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು. ಹೃದಯ ಬಡಿತದ ಮೇಲೆ ಸತತ ನಿಗಾ ಅಗತ್ಯವಿರುವುದರಿಂದ ಮನೆಮದ್ದಿನಲ್ಲಿ ಸಮಯ ಕಳೆಯುವುದು ಪ್ರಾಣಕ್ಕೆ ಎರವಾದೀತು.