ಪ್ರಾದೇಶಿಕ ಸಮಾಜಶಾಸ್ತ್ರ ಪರಿಷತ್ತುಗಳ ಕಾರ್ಯ

ಸಮಾಜಶಾಸ್ತ್ರದ ಸಾಮಗ್ರಿ ದೊರೆಯುವುದು ಹಳ್ಳಿ-ಕೇರಿಗಳಲ್ಲಿ, ಜನರ ಆಡುಮಾತಿನಲ್ಲಿ. ಆದರೆ ನಮ್ಮ ದೇಶದಲ್ಲಿ ಅದರ ಚರ್ಚೆ ನಡೆದುಬಂದಿರುವುದು ಬಹುಮಟ್ಟಿಗೆ ಇಂಗ್ಲಿಷಿನಲ್ಲಿ. ಈ ಅಂತರವನ್ನು ತುಂಬತಕ್ಕವರು ಯಾರು? ಪ್ರಾದೇಶಿಕ ವಿದ್ವತ್ಪರಿಷತ್ತುಗಳ ಮಹತ್ವವನ್ನು ಈ ಪ್ರಶ್ನೆಯಿಂದಲೇ ಅಳೆಯಬೇಕು.

ನಾವು ನೆಲೆಸಿರುವ ನಾಗಪುರಕ್ಕೂ ಈ ಶಾಸ್ತ್ರದ ಚರಿತ್ರೆಗೂ ಹಳೆಯ ನಂಟುಂಟು. ಈ ನಗರವು ಮಧ್ಯಪ್ರಾಂತದ ರಾಜಧಾನಿಯಾಗಿದ್ದ ಕಾಲದಲ್ಲಿ, ೧೯೧೬ರಲ್ಲಿ, ಆರ್. ವಿ. ರಸೆಲ್ ಅವರು ರಾಯಬಹದ್ದೂರ್ ಹೀರಾಲಾಲರ ನೆರವಿನಿಂದ ಆ ಪ್ರಾಂತದ ಜಾತಿ-ಬುಡಕಟ್ಟುಗಳನ್ನು ಕುರಿತು ನಾಲ್ಕು ಸಂಪುಟಗಳನ್ನು ಹೊರತಂದರು. ಅವರ ಪರಿಶ್ರಮ ಶ್ಲಾಘನೀಯವೇ. ಆದರೆ ಅದು ಆಳುವವರಿಗಾಗಿ ಸಿದ್ಧವಾದ ಕೃತಿ. ಜನರು ಅಲ್ಲಿ ವರ್ಣನೆಗೆ ವಸ್ತುವಾದರೇ ಹೊರತು ವಿಚಾರದಲ್ಲಿ ಭಾಗಿಗಳಾಗಲಿಲ್ಲ.

ಮುಂದಿನ ಘಟ್ಟ ಮುಂಬಯಿಯದು. ಅಲ್ಲಿಯ ವಿಶ್ವವಿದ್ಯಾನಿಲಯದಲ್ಲಿ ೧೯೧೯ರಲ್ಲಿ ಪ್ಯಾಟ್ರಿಕ್ ಗೆಡ್ಡಿಸರು ಆರಂಭಿಸಿದ ವಿಭಾಗವನ್ನು ಜಿ. ಎಸ್. ಘುರ್ಯೆ ಬೆಳೆಸಿದರು. ಅವರ ನೇತೃತ್ವದಲ್ಲಿ ೧೯೫೧ರಲ್ಲಿ ಇಂಡಿಯನ್ ಸೋಷಿಯಲಾಜಿಕಲ್ ಸೊಸೈಟಿ ಸ್ಥಾಪಿತವಾಗಿ, ಮರುವರ್ಷ ಅದರ ಪತ್ರಿಕೆ ಹೊರಟಿತು. ಹೆಸರು ಅಖಿಲ ಭಾರತದ್ದಾದರೂ ಮೊದಮೊದಲು ಅದರ ಬಲವೆಲ್ಲ ಮುಂಬಯಿಯ ಬಳಗವೇ. ಉತ್ತರದ ವಿದ್ವಾಂಸರು ೧೯೫೦ರ ದಶಕದಲ್ಲಿಯೇ ತಮ್ಮದೊಂದು ಸಮ್ಮೇಲನವನ್ನು ಕಟ್ಟಿಕೊಂಡರು; ೧೯೬೭ರಲ್ಲಿ ಎರಡೂ ಒಂದಾದವು. ಪ್ರದೇಶಗಳಲ್ಲಿ ಬೇರೂರಿದ ಬಳಗಗಳೇ ಕೂಡಿ ರಾಷ್ಟ್ರಸಂಸ್ಥೆಯಾದುದು ಗಮನಾರ್ಹ.

ಆದರೂ ಭಾಷೆಯ ಪ್ರಶ್ನೆ ಉಳಿಯಿತು. ಘುರ್ಯೆಯವರ ಶಿಷ್ಯರೂ ನಮ್ಮ ಮೈಸೂರಿನವರೂ ಆದ ಎಂ. ಎನ್. ಶ್ರೀನಿವಾಸರು ೧೯೪೮ರಲ್ಲಿ ರಾಮಪುರವೆಂದು ಅವರೇ ಹೆಸರಿಟ್ಟ ಹಳ್ಳಿಯಲ್ಲಿ ವಾಸಮಾಡಿ ಜನಜೀವನವನ್ನು ಅಭ್ಯಸಿಸಿದರು. ೧೯೭೦ರಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ಅವರ ಟಿಪ್ಪಣಿಗಳು ಬೆಂಕಿಗೆ ಸಿಲುಕಿದ ತರುವಾಯ, ಬಹುಪಾಲು ನೆನಪಿನಿಂದಲೇ ರಚಿಸಿದ ಗ್ರಂಥ ೧೯೭೬ರಲ್ಲಿ ಪ್ರಕಟವಾಯಿತು. ಹಳ್ಳಿಯವರು ಕನ್ನಡದಲ್ಲಿ ನುಡಿದುದು ಲೋಕಕ್ಕೆ ತಲುಪಿದುದು ಇಂಗ್ಲಿಷಿನಲ್ಲಿ. ಇದರಿಂದ ಶಾಸ್ತ್ರಕ್ಕೆ ಲಾಭವೇ ಆಯಿತು. ಆದರೆ ಹೇಳಿದವರ ಮಕ್ಕಳು ಅದನ್ನು ಓದಿ 'ಹೌದು' ಅಥವಾ 'ಅಲ್ಲ' ಎನ್ನುವ ಅವಕಾಶ ಕಿರಿದಾಯಿತು.

ಆ ಅವಕಾಶವನ್ನು ಹಿಗ್ಗಿಸುವುದೇ ಪ್ರಾದೇಶಿಕ ಪರಿಷತ್ತಿನ ಮುಖ್ಯ ಕಾರ್ಯ. ಮಹಾರಾಷ್ಟ್ರದಲ್ಲಿ ಮರಾಠಿ ಸಮಾಜಶಾಸ್ತ್ರ ಪರಿಷದವಿದೆ. ಇಂಥ ಸಂಸ್ಥೆಯಲ್ಲಿ ಜಿಲ್ಲೆಯ ಕಾಲೇಜಿನ ಅಧ್ಯಾಪಕನೂ ತಾನು ಕಂಡುದನ್ನು ತನ್ನ ನುಡಿಯಲ್ಲಿ ಮಂಡಿಸಬಲ್ಲನು. ಪರಿಭಾಷೆ ಬಳಕೆಯಿಂದಲೇ ಹದಗೊಳ್ಳುತ್ತದೆ. ೧೯೫೬ನೆಯ ಅಕ್ಟೋಬರ್ ೧೪ರಂದು ಡಾ. ಅಂಬೇಡ್ಕರರು ಲಕ್ಷಾಂತರ ಅನುಯಾಯಿಗಳೊಡನೆ ಬೌದ್ಧಧರ್ಮವನ್ನು ಸ್ವೀಕರಿಸಿದುದು ಈ ನಾಗಪುರದಲ್ಲಿಯೇ. ಆ ಮನೆತನಗಳಲ್ಲಿ ಹೆಸರು, ಹಬ್ಬ, ವಿವಾಹವಿಧಿಗಳು ಹೇಗೆ ಮಾರ್ಪಟ್ಟುವೆಂಬುದನ್ನು ಅವರ ಮಾತನ್ನು ಬಿಟ್ಟು ತಿಳಿಯಲಾದೀತೆ?

ಇನ್ನು ನಮ್ಮ ವಿಚಾರ. ಮರಾಠಿ ಪರಿಷದದ ದೃಷ್ಟಿ ಸಹಜವಾಗಿ ಮರಾಠಿ ಸಮಾಜದತ್ತ. ಕರ್ನಾಟಕದ ವಿದ್ವಾಂಸರ ದೃಷ್ಟಿ ತಮ್ಮ ಗಡಿಯೊಳಗೆ. ನಡುವೆ ನಿಂತ ಹೊರನಾಡ ಕನ್ನಡಿಗರು ಯಾರ ಲೆಕ್ಕಕ್ಕೂ ಸೇರದೆ ಉಳಿಯುವ ಅಪಾಯವುಂಟು. ನಮ್ಮ ಹಿರಿಯರು ಊರು ಬಿಟ್ಟುದೇಕೆ, ಸಂಬಂಧಗಳನ್ನು ಎಲ್ಲಿಂದ ತಂದರು, ಮೊಮ್ಮಕ್ಕಳು ಅಜ್ಜಿಯೊಡನೆ ಯಾವ ಭಾಷೆಯಲ್ಲಿ ಮಾತನಾಡುತ್ತಾರೆ ಎಂಬುದನ್ನು ಬಲ್ಲವರು ನಮ್ಮಲ್ಲಿಯೇ ಇದ್ದಾರೆ. ಅವರಿರುವಾಗಲೇ ಅದನ್ನು ಬರೆದಿಟ್ಟು ಎರಡೂ ಕಡೆಯ ವಿದ್ವಾಂಸರ ಮುಂದಿಡುವುದು ನಗರದ ಕನ್ನಡ ಸಂಘಕ್ಕೆ ಒಪ್ಪುವ ಕಾರ್ಯ. ಹಾಗೆ ಮಾಡಿದಲ್ಲಿ ಸಂಘವೂ ತನ್ನ ಅಳತೆಯಲ್ಲಿ ಒಂದು ಸಮಾಜಶಾಸ್ತ್ರ ಪರಿಷತ್ತೇ ಆದೀತು.